ಗುರುವಾರ ಬಲಗಾಲು ಬಂದ್

ಎಲ್ಲರಿಗೂ ನಮಸ್ಕಾರ. ಸರ್, ನಿಮ್ಮ ಕಾಲಿಗೆ ಆಗಲೇ ಬಿದ್ದಿದ್ದೇನೆ, ಮತ್ತೊಮ್ಮೆ ಇಲ್ಲಿಂದಲೇ ನಮಸ್ಕಾರ.

ಇವತ್ತು ರಾಯಚೂರಿನಲ್ಲಿ ಒಬ್ಬ ಫುಟ್‌ಬಾಲ್ ಕೋಚ್‌ಗೆ ಶಾಲು ಹೊದಿಸಿದ್ದೇವೆ. ಜೀವಮಾನವೆಲ್ಲ ಆಡಿ, ಆಡಿಸಿ ತಲೆ ಬೆಳ್ಳಗಾದವರಿಗೆ ಊರು ಕೈಮುಗಿಯೋದನ್ನು ನಾನು ನೋಡಿದ್ದು ಇದೇ ಮೊದಲು. ಮನಸ್ಸು ತುಂಬಿ ಬಂದಿದೆ.

ಸರ್ ಬಗ್ಗೆ ಹೇಳುವ ಮೊದಲು ಇನ್ನೊಬ್ಬ ಕೋಚ್ ಬಗ್ಗೆ ಹೇಳಬೇಕು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಶಾಲೆ ಮೇಷ್ಟ್ರಾಗಿದ್ದವರು, ಆಮೇಲೆ ಭಾರತ ಫುಟ್‌ಬಾಲ್ ತಂಡದ ಕೋಚ್ ಆದವರು. 1956ರ ನವೆಂಬರ್ 1ರವರೆಗೆ ನಮ್ಮ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ವಾ? ಅದಕ್ಕೇ ಅವರನ್ನು ನಮ್ಮವರು ಅನ್ನೋದು ನನಗೆ ಇಷ್ಟ. ನಾವು ಕನ್ನಡ ನಾಡಿಗೆ ಸೇರಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಅವರ ಹುಡುಗರು ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದರು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಭಾರತ ಆ ಸಲ ನಾಲ್ಕನೆಯದಾಗಿ ನಿಂತಿತು. 1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಮೇಲೆ 2-1, ಚಿನ್ನ. ಆ ಹೊತ್ತಿಗೆ ರಹೀಂ ಸಾಹೇಬರಿಗೆ ಕ್ಯಾನ್ಸರ್. ಮುಂದಿನ ಜೂನ್‌ನಲ್ಲಿ ತೀರಿಕೊಂಡರು. ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾಗಿದ್ದೇ 1985ರಲ್ಲಿ. ಅವರ ಊರಿನವರೇ ಆದ ಫುಟ್‌ಬಾಲ್ ಕೋಚ್ ಸೈಯದ್ ನಯೀಮುದ್ದೀನ್ 1990ರಲ್ಲಿ ಅದನ್ನು ಪಡೆದರು. ರಹೀಂ ಸಾಹೇಬರು ಅದನ್ನೆಲ್ಲ ನೋಡಲಿಲ್ಲ. ಬದುಕಿದ್ದಾಗಲೇ ಶಾಲು ಹೊದಿಸಬೇಕು ಅಂತ ನಾವು ಹಟ ಹಿಡಿದದ್ದು ಅದಕ್ಕೇ.

ರಹೀಂ ಸಾಹೇಬರು ಎಳೆಯ ಹುಡುಗರಿಗೆ ಬೇರೆ ಥರದ ಪಂದ್ಯ ಇಡುತ್ತಿದ್ದರು. ಒಂದರಲ್ಲಿ ಡ್ರಿಬಲ್ ಮಾಡುವಂತಿಲ್ಲ, ಅಂದರೆ ಬಾಲನ್ನು ಕಾಲಲ್ಲೇ ಇಟ್ಟುಕೊಂಡು ಓಡುವಂತಿಲ್ಲ. ಇನ್ನೊಂದರಲ್ಲಿ ಬಾರದ ಕಾಲಿನಲ್ಲೇ ಆಡಬೇಕು. ಈ ಪದ್ಧತಿ ನಮ್ಮ ಸರ್ ಹತ್ತಿರ ಹೇಗೆ ಬಂತೋ, ನಮಗೆ ಗುರುವಾರ ಬಲಗಾಲು ಬಂದ್! ಬಲಗಾಲು ತಾಗಿದರೆ ಸೀಟಿ, ಬಾಲು ಆ ಕಡೆಯವರಿಗೆ. ನಾನು ಮೊದಲ ಗುರುವಾರ ಅತ್ತುಬಿಟ್ಟೆ. ಎಡಗಾಲಿನಿಂದ ಇವತ್ತಿನವರೆಗೂ ಒಂದು ಗೋಲು ಹೊಡೆದಿಲ್ಲ. ಆದರೆ ಒಂದು ಲಾಭವಾಯಿತು. ಎಡಗಾಲಿಗೆ ಜೋರಿಲ್ಲ. ಬಾಲು ದೂರ ಹೋಗೋದಿಲ್ಲ. ಹಾಗಾಗಿ ಹತ್ತಿರ ಯಾರಿದ್ದಾರೆ ಅಂತ ತಲೆ ಎತ್ತಿ ನೋಡಲೇಬೇಕು. ಅಲ್ಲಿವರೆಗೆ ನಾನು ಬಾಲು ಬಿಟ್ಟು ಬೇರೆ ಏನನ್ನೂ ನೋಡಿದವನಲ್ಲ. ಜೊತೆಯವರು ಕಾಣತೊಡಗಿದ್ದೇ ಆಮೇಲೆ.

ನಮ್ಮ ಎರೆ ನೆಲ ನಿಮಗೆ ಗೊತ್ತು. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು. ಮಳೆ ಬಂದರೆ ಬೂಟಿಗೆ ಎರಡು ಕಿಲೋ ಮಣ್ಣು. ಸರ್ ಬೆಳಿಗ್ಗೆ ನಮಗಿಂತ ಮೊದಲು ಬಂದು ಬಿರುಕಿಗೆ ಮರಳು ತುಂಬುತ್ತಿದ್ದರು. ಒಂದು ಸಲ ಮೈದಾನವನ್ನು ಮೇಳಕ್ಕೆ ಕೊಟ್ಟಿದ್ದರು. ಮೇಳ ಹೋಯಿತು, ಪೆಂಡಾಲಿನ ಗುಂಡಿಗಳು ಉಳಿದವು. ಹೇಳಿದರೆ ಕೇಳುವವರಿಲ್ಲ. ಸರ್ ಬೈಯಲಿಲ್ಲ, ಬುಟ್ಟಿ ತಂದರು. ನಾಲ್ಕು ದಿನ ನಾವು ಆಡಲಿಲ್ಲ, ಮಣ್ಣು ಹೊತ್ತೆವು. ಹೊಲಿಗೆ ಬಿಟ್ಟ ಬಾಲನ್ನು ಚಪ್ಪಲಿ ಹೊಲಿಯುವವರ ಹತ್ತಿರ ತಾವೇ ಕೂತು ಹೊಲಿಸುತ್ತಿದ್ದರು. ರಂಜಾನ್ ಬಂದರೆ ರೋಜಾ ಇರುವ ಹುಡುಗರಿಗೆ ಓಟ ಕಡಿಮೆ, ಪಾಸಿಂಗ್ ಜಾಸ್ತಿ. ಇಫ್ತಾರ್‌ಗೆ ಮನೆ ಮುಟ್ಟುವ ಹಾಗೆ ಸೀಟಿ ಊದುತ್ತಿದ್ದರು. ಈಗ ಹುಡುಗಿಯರೂ ಆಡುತ್ತಾರೆ. ಅವರ ಅಪ್ಪಂದಿರನ್ನು ಒಪ್ಪಿಸಲು ಸರ್ ಎಷ್ಟು ಮನೆಗಳ ಚಹಾ ಕುಡಿದಿದ್ದಾರೋ!

ಸನ್ಮಾನದ ಸುದ್ದಿ ಹೇಳಲು ಹೋದಾಗ ಸರ್ ಕೇಳಿದ್ದು ಒಂದೇ: "ಗುರುವಾರ ಇಟ್ಟಿಲ್ಲ ತಾನೇ?" ಇಟ್ಟಿಲ್ಲ ಸರ್, ನೋಡಿ, ಇವತ್ತು ಭಾನುವಾರ.

ಇಲ್ಲಿ ಕೂತಿರುವ ಹಳೆಯ ಆಟಗಾರರಿಗೆ ಒಂದು ಮಾತು. ಮೈದಾನದ ಗೆರೆ ಅಳಿಸಿಹೋಗಿದೆ. ನಾಳೆ ಬೆಳಿಗ್ಗೆ ಆರಕ್ಕೆ ನಾನು ಎರಡು ಚೀಲ ಸುಣ್ಣದ ಪುಡಿ ತರುತ್ತೇನೆ. ಹಗ್ಗ ಹಿಡಿಯಲು ನಾಲ್ಕು ಜನ ಬೇಕು.