ಅಳುವುದಕ್ಕೆ ಮೊದಲೇ ಹಾಲು

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹ. 1992ರಿಂದ ನಡೆದು ಬಂದಿದೆ. ಪ್ರತಿವರ್ಷ ಬ್ಯಾನರ್ ಕಟ್ಟಿ ‘ತಾಯಿಹಾಲು ಅಮೃತ’ ಅಂತ ಬರೆಸುತ್ತೇವೆ. ಇವತ್ತು ಅದನ್ನು ಹೇಳೋದಿಲ್ಲ. ರಾತ್ರಿ ಎಂಟು ಗಂಟೆಗೆ ಮಗು ಕಿರುಚಿ ಕಿರುಚಿ ಕೆಂಪಾದಾಗ ಅಮೃತದ ಮಾತು ಯಾರಿಗೆ ಬೇಕು?

‘ಅಳುವ ಮಗುವಿಗೇ ಹಾಲು’ ಅನ್ನುತ್ತೇವಲ್ಲ, ಆ ಮಾತು ತಾಲ್ಲೂಕು ಆಫೀಸಿನಲ್ಲಿ ಕೆಲಸ ಮಾಡಿಸಿಕೊಳ್ಳೋದಕ್ಕೆ ಸರಿ. ಬಾಣಂತಿ ಕೋಣೆಗೆ ಆಗಿಬರೋದಿಲ್ಲ. ಹಸಿದ ಕೂಸು ಮೊದಲು ಅಳೋದಿಲ್ಲ. ತಲೆ ಆ ಕಡೆ ಈ ಕಡೆ ಹೊರಳಿಸುತ್ತೆ, ತುಟಿ ಚಪ್ಪರಿಸುತ್ತೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತೆ. ಇಷ್ಟಕ್ಕೂ ಯಾರೂ ಕಿವಿಗೊಡದಿದ್ದಾಗ ಅಳು. ಅಷ್ಟು ಹೊತ್ತಿಗೆ ರೋಷ ಬಂದಿರುತ್ತೆ, ನಾಲಿಗೆ ಮೇಲಕ್ಕೆ ಹೋಗಿರುತ್ತೆ, ಮೊಲೆ ಕೊಟ್ಟರೂ ಹಿಡಿಯೋದಿಲ್ಲ. ಮೊದಲು ಎದೆಗವಚಿಕೊಂಡು ಸಮಾಧಾನ ಮಾಡಿ, ಆಮೇಲೆ ಕೊಡಿ.

ನನ್ನದೇ ಕಥೆ ಹೇಳುತ್ತೇನೆ. ನಾನು ಹೆರಿಗೆ ವಾರ್ಡಿನ ನರ್ಸ್. ಎಷ್ಟೋ ತಾಯಂದಿರಿಗೆ ಪಾಠ ಹೇಳಿದವಳು. ನನ್ನ ಮಗಳಿಗೆ ಇಪ್ಪತ್ತು ದಿನ ಆದಾಗ ಸಂಜೆ ಆರಕ್ಕೆ ಶುರುವಾದ ಅಳು ಹತ್ತಾದರೂ ನಿಲ್ಲಲಿಲ್ಲ. ಹತ್ತು ನಿಮಿಷ ಕುಡಿಯೋದು, ಬಿಡೋದು, ಮತ್ತೆ ಅಳೋದು. ಮಂಚದ ಸುತ್ತ ನಿಂತವರೆಲ್ಲ ಒಂದೇ ಮಾತು: ‘ಹಾಲು ಸಾಲ್ತಿಲ್ಲ ಕಣೇ.’ ನಾನೂ ನಂಬಿದೆ. ಪೌಡರ್ ಡಬ್ಬಿ ತರಿಸಿದೆ. ತಾಯಿಹಾಲೇ ಶ್ರೇಷ್ಠ ಅಂತ ಡಬ್ಬಿಯ ಮೇಲೇ ಅಚ್ಚು ಹಾಕಬೇಕು ಅಂತ 1992ರ ಕಾನೂನು ಇದೆ. ನಾನು ಅದನ್ನು ಓದಿದ್ದು ಮುಚ್ಚಳ ತೆಗೆದ ಮೇಲೆ.

ಹಾಲು ಸಾಕಷ್ಟೇ ಇತ್ತು. ಎರಡನೇ ವಾರದಿಂದ ಮಕ್ಕಳ ಅಳು ಏರುತ್ತಾ ಹೋಗಿ ಆರನೇ ವಾರದ ಹೊತ್ತಿಗೆ ತುದಿ ಮುಟ್ಟುತ್ತೆ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತೆ. ಅದೂ ಸಂಜೆ ಹೊತ್ತೇ ಹೆಚ್ಚು. ಆಗ ಗಳಿಗೆಗೊಮ್ಮೆ ಮೊಲೆ ಕೇಳೋದು ಕೂಡ ಸಹಜ. ಹಾಲು ಸಾಲುತ್ತಾ ಇಲ್ವಾ ಅಂತ ಅಳುವಿನಿಂದ ಲೆಕ್ಕ ಹಾಕಬೇಡಿ, ಒದ್ದೆ ಬಟ್ಟೆ ಎಣಿಸಿ. ಐದು ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ, ಹುಟ್ಟಿದ ತೂಕ ಎರಡು ವಾರದೊಳಗೆ ವಾಪಸ್ ಬಂದು ಮುಂದೆ ಏರುತ್ತಿದ್ದರೆ, ಸಾಲುತ್ತಿದೆ.

ಹೊಳೆಯ ಮರಳಲ್ಲಿ ಒರತೆ ತೋಡಿದವರು ಇಲ್ಲಿ ಇರಬಹುದು. ಮೊಗೆದಷ್ಟೂ ಜಿನುಗುತ್ತೆ, ಬಿಟ್ಟರೆ ನಿಲ್ಲುತ್ತೆ. ಎದೆಹಾಲೂ ಹಾಗೇ. ದಿನರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು. ಡಬ್ಬಿ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಎದೆ ಚೀಪೋದು ಕಡಿಮೆ ಮಾಡುತ್ತೆ, ಮಾರನೇ ದಿನ ಹಾಲು ನಿಜವಾಗಿಯೇ ಕಡಿಮೆ. ‘ನೋಡು, ನಾನು ಹೇಳಲಿಲ್ವಾ’ ಅನ್ನೋದಕ್ಕೆ ಯಾರಾದರೂ ಇದ್ದೇ ಇರುತ್ತಾರೆ! ಡಾಕ್ಟರು ನೋಡಿ ಪೌಡರ್ ಬೇಕು ಅಂದರೆ ಕೊಡಿ, ಅದರಲ್ಲಿ ತಪ್ಪೇನಿಲ್ಲ.

ಈಗ ಈ ಟವೆಲ್ ಸುರುಳಿಯನ್ನೇ ಮಗು ಅಂದುಕೊಳ್ಳಿ. ಹೊಟ್ಟೆ ನನ್ನ ಹೊಟ್ಟೆಗೆ ತಾಗಿದೆ, ಕತ್ತು ತಿರುಚಿಲ್ಲ. ನಾನು ಬಗ್ಗೋದಿಲ್ಲ, ಮಗುವನ್ನು ಎದೆಯ ಹತ್ತಿರ ತರುತ್ತೇನೆ. ತೊಟ್ಟು ಮೂಗಿನ ನೇರಕ್ಕಿರಲಿ. ಆಕಳಿಸುವಷ್ಟು ಬಾಯಿ ತೆರೆದಾಗ ಗದ್ದ ಮೊದಲು ಎದೆಗೆ ತಾಗಲಿ. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಹೀಗೆ ಹಿಡಿದರೆ ನೋವಿರೋದಿಲ್ಲ. ನೋವಾದರೆ ಎಳೆಯಬೇಡಿ, ಬಾಯಿಯ ಮೂಲೆಯಿಂದ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

ಹೊಟ್ಟೆ ತುಂಬಿದ ಮೇಲೂ ಅಳುತ್ತಾ? ಭುಜಕ್ಕೆ ಹಾಕಿ ತೇಗು ಬರಿಸಿ, ಬಟ್ಟೆ ಒದ್ದೆಯಾ ನೋಡಿ, ಬರಿ ಮೈಗೆ ಬರಿ ಮೈ ತಾಗಿಸಿ ಎದೆ ಮೇಲೆ ಮಲಗಿಸಿಕೊಂಡು ಮೇಲೊಂದು ಹತ್ತಿ ಸೀರೆ ಹೊದಿಯಿರಿ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರು ತೂಕ ಕಡಿಮೆಯಿದ್ದ ಕೂಸುಗಳನ್ನು ಹೀಗೇ ತಾಯಿಯ ಎದೆಗೆ ಕಟ್ಟಿಸಿದರು. ಕಾಂಗರೂ ಆರೈಕೆ ಅಂತ ಅದನ್ನು ಇವತ್ತು ನಮ್ಮ ಆಸ್ಪತ್ರೆಗಳಲ್ಲೂ ಹೇಳಿಕೊಡುತ್ತೇವೆ. ಅಪ್ಪನ ಎದೆಯೂ ಆಗುತ್ತೆ. ಜೋಗುಳದ ರಾಗ ತಪ್ಪಿದರೂ ಮಗು ದೂರು ಕೊಡೋದಿಲ್ಲ.

ಅಜ್ಜಿಯರೇ, ಬೇಜಾರು ಮಾಡಿಕೊಳ್ಳಬೇಡಿ: ಜೇನುತುಪ್ಪ ಬೇಡ, ವರ್ಷ ತುಂಬುವವರೆಗೆ ಅದರಲ್ಲಿ ವಿಷಬಾಧೆಯ ಅಪಾಯವಿದೆ. ಗ್ರೈಪ್ ವಾಟರ್, ತೇದ ಬಜೆ, ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಇವೂ ಬೇಡ. ಬಾಣಂತಿಗೆ ನೀರು ಕೊಡದೆ ಬಾಯಾರಿಸಬೇಡಿ. ದೃಷ್ಟಿ ತೆಗೆಯಿರಿ, ಅದಕ್ಕೆ ನನ್ನ ತಕರಾರಿಲ್ಲ.

ಏನು ಮಾಡಿದರೂ ಅಳು ನಿಲ್ಲದೆ ನಿಮಗೇ ಸಿಟ್ಟು ನೆತ್ತಿಗೇರಿದರೆ ಮಗುವನ್ನು ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ. ಕುಲುಕಬೇಡಿ, ಎಳೆ ಮಿದುಳು ತಾಳೋದಿಲ್ಲ. ಜ್ವರ 100.4 ಡಿಗ್ರಿ ಮುಟ್ಟಿದರೆ, ಹಸಿರು ವಾಂತಿಯಾದರೆ, ಕುಡಿಯೋದನ್ನೇ ಬಿಟ್ಟು ಮಂಕಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಬನ್ನಿ.

ಪ್ರಶ್ನೆ ಇದ್ದವರು ಕೇಳಿ. ಒಂದು ನಿಮಿಷ, ಹಿಂದಿನ ಸಾಲಿನ ಹಸಿರು ಸೀರೆಯಮ್ಮ, ನಿಮ್ಮ ಕೂಸು ಮುಷ್ಟಿ ಚೀಪುತ್ತಾ ಇದೆ. ಆ ಗೋಡೆ ಪಕ್ಕ ಒರಗೋ ಕುರ್ಚಿ ಇದೆ, ಹೋಗಿ ಕೂತ್ಕೊಳ್ಳಿ ತಾಯಿ. ನಿಮ್ಮ ಪ್ರಶ್ನೆ ಆಮೇಲೆ ಕೇಳಿಸ್ಕೊಳ್ತೀನಿ.