ಎಳೆಯರ ಮಾತು, ಊಟ ಮತ್ತು ಸಂವೇದನೆ

ಕೇಳುಗರಿಗೆ ನಮಸ್ಕಾರ.

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬಂದಿಲ್ಲ ಎಂದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ಸಮಾಧಾನದ ನುಡಿ. ಇವನಪ್ಪನಿಗೂ ಮಾತು ತಡವಾಗಿಯೇ ಬಂದದ್ದು, ಗಂಡುಮಕ್ಕಳಿಗೆ ನಿಧಾನ, ಬಜೆ ತೇಯ್ದು ನಾಲಿಗೆಗೆ ಹಚ್ಚಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಹಾಗೆ ಹೇಳುವವರ ಪ್ರೀತಿಯಲ್ಲಿ ಸಂದೇಹವಿಲ್ಲ. ಕೆಲವು ಮಕ್ಕಳು ತಡವಾಗಿ ಮಾತು ಕಲಿತು ಮುಂದೆ ಓರಗೆಯವರ ಸಮಕ್ಕೆ ಬರುವುದೂ ನಿಜ. ಆದರೆ ಯಾವ ಮಗು ತಾನಾಗಿಯೇ ಮಾತಿಗೆ ಬರುತ್ತದೆ, ಯಾವ ಮಗುವಿಗೆ ನೆರವು ಬೇಕು ಎಂಬುದನ್ನು ಪರೀಕ್ಷಿಸದೆ ಹೇಳಲಾಗುವುದಿಲ್ಲ. ಮೊದಲ ಮೂರು ವರ್ಷಗಳಲ್ಲಿ ಮೆದುಳು ಕಲಿಯುವ ವೇಗ ಮುಂದೆ ಅಷ್ಟು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಕಾದು ನೋಡೋಣ ಎಂಬ ಸಲಹೆ ಕೆಲವು ಮಕ್ಕಳಿಗೆ ದುಬಾರಿಯಾಗುತ್ತದೆ.

ಮಾತಿನ ಪರೀಕ್ಷೆ ಮೊದಲಾಗಬೇಕಾದದ್ದು ಕಿವಿಯಿಂದ. ಬಾಗಿಲು ಬಡಿದರೆ ತಿರುಗಿ ನೋಡುತ್ತಾನೆ, ಆದ್ದರಿಂದ ಕಿವಿ ಚೆನ್ನಾಗಿದೆ ಎಂದು ತೀರ್ಮಾನಿಸುವಂತಿಲ್ಲ. ಜೋರಾದ ಸದ್ದು ಕೇಳುವ ಮಗುವಿಗೆ ಸಕಾರ, ಶಕಾರಗಳಂಥ ಮೆಲುವಾದ ಧ್ವನಿಗಳು ಕೇಳಿಸದೆ ಇರಬಹುದು. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ದೋಷದ ಸಂದೇಹವಿದ್ದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿದ ಗುರಿ. ಕಿವಿಯ ಜೊತೆಗೆ ಬೇರೆ ಸಂಗತಿಗಳನ್ನೂ ಗಮನಿಸುತ್ತಾರೆ: ಹೆಸರು ಕರೆದರೆ ಮಗು ತಿರುಗುತ್ತದೆಯೇ, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತದೆಯೇ, ವರ್ಷದ ಹೊತ್ತಿಗೆ ಒಂದೆರಡು ಪದ ಆಡುತ್ತದೆಯೇ, ಎರಡು ವರ್ಷಕ್ಕೆ 'ಅಮ್ಮ ಬಾ', 'ಹಾಲು ಬೇಕು' ಎಂದು ಪದಗಳನ್ನು ಜೋಡಿಸುತ್ತದೆಯೇ ಎಂದು ನೋಡುತ್ತಾರೆ.

ವಾಕ್ ಚಿಕಿತ್ಸೆಯ ಕೋಣೆಗೆ ಮೊದಲ ಸಲ ಬಂದ ತಂದೆತಾಯಿಗೆ ಅಲ್ಲಿ ನಡೆಯುವುದು ಬರೀ ಆಟದಂತೆ ಕಾಣುತ್ತದೆ. ಚಿಕಿತ್ಸಕಿ ನೆಲದ ಮೇಲೆ ಮಗುವಿನ ಕಣ್ಣಿನ ಮಟ್ಟಕ್ಕೆ ಕೂತು ಸೋಪಿನ ಗುಳ್ಳೆ ಊದುತ್ತಾರೆ, ನಿಲ್ಲಿಸುತ್ತಾರೆ, ಮುಚ್ಚಳ ಬಿಗಿದು ಸುಮ್ಮನೆ ಕಾಯುತ್ತಾರೆ. ಆ ಕಾಯುವಿಕೆಯೇ ಚಿಕಿತ್ಸೆಯ ತಿರುಳು. ಮಗು ಅವರ ಮುಖ ನೋಡಿದರೆ, ಕೈ ಚಾಚಿದರೆ, 'ಊ' ಎಂದರೆ, ಅದನ್ನು ಮಾತೆಂದೇ ಗೌರವಿಸಿ, 'ಊದು' ಎಂದು ಹೇಳಿ ಮತ್ತೆ ಗುಳ್ಳೆ ಬಿಡುತ್ತಾರೆ. ಮನೆಯಲ್ಲಿ ನಾವು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತೇವೆ: ಒಂದೋ ಮಗು ಕೇಳುವ ಮೊದಲೇ ಕೊಟ್ಟುಬಿಡುತ್ತೇವೆ, ಇಲ್ಲವೇ 'ಹೇಳು, ಹೇಳು' ಎಂದು ಬೆನ್ನು ಹತ್ತುತ್ತೇವೆ. ವಾರಕ್ಕೆ ಒಂದೆರಡು ಗಂಟೆಯ ಚಿಕಿತ್ಸೆಗಿಂತ, ಅದನ್ನು ನೋಡಿ ಕಲಿತ ತಾಯಿ, ತಂದೆ ಅಥವಾ ಅಜ್ಜಿ ಸ್ನಾನ, ಊಟ, ಬಟ್ಟೆ ತೊಡಿಸುವ ಹೊತ್ತಿನಲ್ಲಿ ಮಾಡುವ ಕೆಲಸವೇ ಹೆಚ್ಚಿನದು. ಸನ್ನೆ ಅಥವಾ ಚಿತ್ರಗಳನ್ನು ಬಳಸಿದರೆ ಮಗು ಮಾತು ಕಲಿಯುವುದೇ ಇಲ್ಲ ಎಂಬ ಭಯಕ್ಕೆ ಆಧಾರವಿಲ್ಲ. ಹಾಗೆಯೇ, ಮಾತು ತಡವಾಗಿದೆ, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಬಿಟ್ಟು ಇಂಗ್ಲಿಷ್ ಒಂದನ್ನೇ ಆಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದು ಭಾಷಾ ದೋಷವನ್ನು ಉಂಟುಮಾಡುವುದಿಲ್ಲ. ತಾಯಿ ತನಗೆ ಸರಾಗವಾದ ನುಡಿಯನ್ನು ಬಿಟ್ಟಾಗ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ.

ಇನ್ನು ಊಟದ ವಿಷಯ. ಹೀರುವುದು, ನುಂಗುವುದು, ಉಸಿರಾಡುವುದು, ಈ ಮೂರೂ ಹೊಂದಿಕೊಂಡು ನಡೆಯುವ ಸಾಮರ್ಥ್ಯ ಗರ್ಭದ ಸುಮಾರು 34ನೇ ವಾರದ ಹೊತ್ತಿಗೆ ಮಾಗುತ್ತದೆ. ಅದಕ್ಕೂ ಮೊದಲು ಹುಟ್ಟಿದ ಮಗು ಮೊಲೆ ಹಿಡಿದು ದಣಿಯುವುದು ಹಟದಿಂದಲ್ಲ. ಅಂಥ ಶಿಶುವಿಗೆ ಒಳಲೆಯಲ್ಲಿ ಹಾಲು ಕುಡಿಸುವಾಗ ಅದನ್ನು ತುಟಿಗೆ ತಾಗಿಸಿ, ಮಗು ತಾನಾಗಿ ಹೀರಿಕೊಳ್ಳಲು ಬಿಡಬೇಕು. ಕಾಲ ಮೇಲೆ ಅಂಗಾತ ಮಲಗಿಸಿ ಗಂಟಲಿಗೆ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯಬಹುದು. ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗಾದ ಹಾನಿಯಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪಿದ ಸ್ಥಿತಿ ಇರುವ ಮಕ್ಕಳಿಗೂ ಕತ್ತು ಹಿಂದಕ್ಕೆ ವಾಲಿಸಿ ಉಣಿಸುವುದು ಇದೇ ಕಾರಣಕ್ಕೆ ಅಪಾಯಕರ. ಪ್ರತಿ ಊಟದಲ್ಲೂ ಕೆಮ್ಮು, ಗೊರಗೊರ ಧ್ವನಿ, ಮತ್ತೆ ಮತ್ತೆ ಬರುವ ನ್ಯುಮೋನಿಯಾ ಕಂಡರೆ ವೈದ್ಯರಿಗೆ ತಿಳಿಸಲೇಬೇಕು.

ಇಂದು ಬಹಳ ಮನೆಗಳಲ್ಲಿ ಕಾಣುವ ತೊಂದರೆ ಬೇರೆ. ಆರು ತಿಂಗಳಿಗೆ ರಾಗಿ ಸರಿ ಶುರುವಾಗುತ್ತದೆ, ಆಮೇಲೆ ಅನ್ನ, ಬೇಳೆ, ತರಕಾರಿ ಎಲ್ಲವೂ ಮಿಕ್ಸಿಗೆ ಹೋಗುತ್ತವೆ, ಎರಡೂವರೆ ವರ್ಷವಾದರೂ ಅಲ್ಲಿಂದ ಹೊರಬರುವುದಿಲ್ಲ. ಒಂಬತ್ತು, ಹತ್ತು ತಿಂಗಳ ಹೊತ್ತಿಗೆ ತುಸು ಗಂಟುಗಂಟಾದ ಆಹಾರವನ್ನು ನಾಲಿಗೆ ಪರಿಚಯ ಮಾಡಿಕೊಳ್ಳದಿದ್ದರೆ, ಮುಂದೆ ಒಂದು ಅನ್ನದ ಅಗುಳು ಸಿಕ್ಕಿದರೂ ಮಗು ಓಕರಿಸುತ್ತದೆ. ಆಗ ಚಿಕಿತ್ಸಕರು ಮೊದಲು ನೋಡುವುದು ಬಾಯಿಯನ್ನಲ್ಲ, ಮಗು ಕೂತ ಭಂಗಿಯನ್ನು. ಬೆನ್ನಿಗೆ ಆಸರೆ ಇದ್ದು, ಪಾದ ಗಟ್ಟಿಯಾಗಿ ಊರಿದ್ದರೆ ದವಡೆಗೆ ಸ್ಥಿರತೆ ಬರುತ್ತದೆ. ಮೆತ್ತನೆಯ ಇಡ್ಲಿಯ ಉದ್ದನೆಯ ಎಸಳನ್ನು ನಾಲಿಗೆಯ ನಡುವೆ ಇಡದೆ ಒಸಡಿನ ಪಕ್ಕಕ್ಕೆ, ದವಡೆ ಹಲ್ಲು ಬರುವ ಜಾಗಕ್ಕೆ ತಾಗಿಸುತ್ತಾರೆ. ನಾಲಿಗೆ ಅದನ್ನು ಹುಡುಕಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಅಗಿಯುವುದರ ಮೊದಲ ಪಾಠ ಆ ಸರಿಯುವಿಕೆ. ಮೊದಲ ದಿನ ಮಗು ಇಡ್ಲಿಯನ್ನು ಮುಟ್ಟಿ ಮೂಸಿದರೆ ಅಷ್ಟೇ ಸಾಕು. ಮೂಗು ಹಿಡಿದು ತುರುಕುವುದು, ಮೊಬೈಲು ತೋರಿಸಿ ಮಗುವಿಗೆ ಗೊತ್ತಾಗದಂತೆ ಉಣಿಸುವುದು, ಎರಡರಿಂದಲೂ ಮಗು ತಿನ್ನಲು ಕಲಿಯುವುದಿಲ್ಲ.

ಅಗಿಯಲು ಬಂದರೆ ಮಾತೂ ಬರುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಒಂದೇ ಬಾಯಿಯಾದರೂ ಮೆದುಳು ಆ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನಿಭಾಯಿಸುತ್ತದೆ. ಪೀಪಿ ಊದಿಸುವುದರಿಂದ, ನಾಲಿಗೆಗೆ ಕಸರತ್ತು ಮಾಡಿಸುವುದರಿಂದ ಉಚ್ಚಾರಣೆ ಸುಧಾರಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಮಾತು ಕಲಿಯಲು ಮಾತೇ ಬೇಕು.

ಕೊನೆಯದು ಸಂವೇದನೆಯ ವಿಷಯ. ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಂಡು ಓಡುವ, ಉಗುರು ಕತ್ತರಿಸಲು ಬಿಡದ, ಹುಲ್ಲಿನ ಮೇಲೆ ಬರಿಗಾಲು ಇಡದ ಮಕ್ಕಳೂ ಇದ್ದಾರೆ, ಸದಾ ಗಿರಕಿ ಹೊಡೆಯುವ, ಗೋಡೆಗೆ ಢಿಕ್ಕಿ ಹೊಡೆಯುವ ಮಕ್ಕಳೂ ಇದ್ದಾರೆ. ಸ್ಪರ್ಶ, ಸಮತೋಲನ, ಸ್ನಾಯುಗಳ ಅರಿವು ಇವನ್ನು ಮೆದುಳು ಹೇಗೆ ಹೊಂದಿಸಿಕೊಳ್ಳುತ್ತದೆ ಎಂಬ ವಿಚಾರವನ್ನು ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಔದ್ಯೋಗಿಕ ಚಿಕಿತ್ಸೆಯ (ಆಕ್ಯುಪೇಷನಲ್ ಥೆರಪಿ) ತಜ್ಞೆ, ಅಮೆರಿಕದ ಎ. ಜೀನ್ ಏರ್ಸ್ ಕಳೆದ ಶತಮಾನದ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಬೆಳೆಸಿದರು. ಈ ವಿಚಾರವನ್ನು ಆಧರಿಸಿದ ಸಂವೇದನಾ ಚಿಕಿತ್ಸೆಯ ಪರಿಣಾಮದ ಬಗ್ಗೆ ಸಂಶೋಧನೆ ಇನ್ನೂ ಸಾಲದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಎಚ್ಚರಿಸಿತ್ತು. ಆದ್ದರಿಂದ ಗುರಿಯನ್ನು ಸ್ಪಷ್ಟವಾಗಿ ಕೇಳಿ: ಮೂರು ತಿಂಗಳಲ್ಲಿ ನನ್ನ ಮಗು ಅಳದೆ ತಲೆಸ್ನಾನ ಮಾಡಿಸಿಕೊಳ್ಳುವಂತಾಗುತ್ತದೆಯೇ, ಅಂಗನವಾಡಿಯಲ್ಲಿ ಇತರ ಮಕ್ಕಳ ಜೊತೆ ಕೂರುವಂತಾಗುತ್ತದೆಯೇ? ಇದಕ್ಕೆ ಮನೆಯಲ್ಲಿ ದುಬಾರಿ ಸಲಕರಣೆಗಳು ಬೇಕೆಂದಿಲ್ಲ. ಚಪಾತಿ ಹಿಟ್ಟು ನಾದುವುದು, ಪುಟ್ಟ ಬಿಂದಿಗೆ ಹೊರುವುದು, ಜೋಕಾಲಿ, ಕುಂಟೆಬಿಲ್ಲೆ, ಇವೆಲ್ಲ ಚಿಕಿತ್ಸಕರು ಸಲಹೆ ಮಾಡುವ ಚಟುವಟಿಕೆಗಳೇ.

ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದ ಭಾಗ್ಯ. ದೂರದವರು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ರೂಪಿಸಿರುವ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಗಳ ಬಗ್ಗೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಬಹುದು. ಖಾಸಗಿಯಾಗಿ ಹೋಗುವವರು ವಾಕ್ ಚಿಕಿತ್ಸಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು. ಮೊದಲ ಭೇಟಿಗೆ ಹೊರಡುವಾಗ ತಾಯಿ ಕಾರ್ಡ್, ಆಸ್ಪತ್ರೆಯ ಬಿಡುಗಡೆ ಪತ್ರ, ಮಗು ತಿನ್ನುವ ಪದಾರ್ಥಗಳ ಪಟ್ಟಿ ಇವುಗಳ ಜೊತೆಗೆ, ಮನೆಯಲ್ಲಿ ಅದು ಉಣ್ಣುವಾಗ ಮತ್ತು ಆಡುವಾಗ ಮೊಬೈಲಿನಲ್ಲಿ ತೆಗೆದ ಒಂದೆರಡು ನಿಮಿಷದ ವಿಡಿಯೋ ಇದ್ದರೆ ಒಳ್ಳೆಯದು; ಹೊಸ ಜಾಗದಲ್ಲಿ ಅಮ್ಮನ ಸೆರಗು ಬಿಡದ ಮಗು ಮನೆಯಲ್ಲಿ ಏನೇನು ಮಾಡಬಲ್ಲದು ಎಂಬುದು ಚಿಕಿತ್ಸಕರಿಗೆ ಆಗ ಮೊದಲ ದಿನವೇ ತಿಳಿಯುತ್ತದೆ.

ನಮಸ್ಕಾರ.