ಕಪ್ಪು ನೆಲದ ಹಳೆಯ ಬಳ್ಳಿಗಳು

ಈಗ ನನ್ನ ಮುಂದಿರುವ ಗಿಡ ನನ್ನ ಮೊಣಕಾಲಿಗಿಂತ ತುಸುವೇ ಎತ್ತರವಿದೆ. ನಂದಿ ಬೆಟ್ಟದ ತಪ್ಪಲಲ್ಲಿ ಕಲ್ಲುಕಂಬದ ಚಪ್ಪರದಿಂದ ಜೋತಾಡುವ ಗೊಂಚಲುಗಳನ್ನು ನೋಡಿ ಬೆಳೆದ ನನಗೆ, ಇದೂ ದ್ರಾಕ್ಷಿಯೇ ಎಂದು ಒಪ್ಪಿಕೊಳ್ಳಲು ಹತ್ತಿರ ಹೋಗಿ ಎಲೆ ಮುಟ್ಟಿ ನೋಡಬೇಕಾಯಿತು. ಇಲ್ಲಿ ಚಪ್ಪರವಿಲ್ಲ, ತಂತಿಯಿಲ್ಲ, ನೀರಿನ ಕೊಳವೆಯೂ ಇಲ್ಲ. ತೊಡೆಯಷ್ಟು ದಪ್ಪದ ತಿರುಚಿದ ಕಾಂಡ, ಅದರ ಸಿಪ್ಪೆ ಹಳೆಯ ಹಗ್ಗದಂತೆ ಎಳೆಎಳೆಯಾಗಿ ಬಿಚ್ಚಿಕೊಂಡಿದೆ.

ನಾನಿರುವುದು ದಕ್ಷಿಣ ಆಫ್ರಿಕಾದಲ್ಲಿ, ಕೇಪ್ ಟೌನಿನ ಉತ್ತರಕ್ಕಿರುವ ಸ್ವಾರ್ಟ್‌ಲ್ಯಾಂಡಿನಲ್ಲಿ. ಆಫ್ರಿಕಾನ್ಸ್ ಭಾಷೆಯಲ್ಲಿ ಈ ಹೆಸರಿಗೆ ಕಪ್ಪು ನೆಲವೆಂದು ಅರ್ಥ. ಮೊದಲಿನಿಂದಲೂ ಇದು ಗೋಧಿಯ ಸೀಮೆ. ಚಳಿಗಾಲದಲ್ಲಿ ಬಿದ್ದ ಮಳೆಯ ತೇವವನ್ನೇ ಆಳದ ಬೇರುಗಳಿಂದ ಹೀರಿಕೊಂಡು ಈ ಬಳ್ಳಿಗಳು ಸುಡುಬೇಸಿಗೆಯನ್ನು ದಾಟುತ್ತವೆ. ಫಸಲು ಕಡಿಮೆ, ಕಾಯಿ ಸಣ್ಣದು, ಆದರೆ ರಸ ಗಾಢ. ವೈನ್ ಮಾಡುವವನಿಗೆ ವರವಾದ ಈ ಗುಣವೇ, ತೂಕದ ಲೆಕ್ಕದಲ್ಲಿ ಹಣ್ಣು ಮಾರುವ ರೈತನಿಗೆ ನಷ್ಟವಾಗಿತ್ತು. ಇಲ್ಲಿನವರು ಸ್ಟೀನ್ ಎಂದೂ ಕರೆಯುವ ಶೆನಾನ್ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿ ದೇಶದಲ್ಲೇ ಅತಿ ಹೆಚ್ಚು ಬೆಳೆಯುವ ತಳಿಯಾದರೂ, ಅದರ ಬಹುಪಾಲು ಬಹುಕಾಲ ಅಗ್ಗದ ವೈನಿಗೂ ಬ್ರಾಂದಿಗೂ ಹೋಗುತ್ತಿತ್ತು. ಹಾಗಾಗಿ ಎಷ್ಟೋ ಹಳೆಯ ತೋಟಗಳನ್ನು ಬೇರುಸಹಿತ ಕಿತ್ತುಹಾಕಿದರು.

ಅದನ್ನು ತಡೆಯಲು ಹೊರಟವರು ದ್ರಾಕ್ಷಿ ಕೃಷಿ ತಜ್ಞೆ ರೋಸಾ ಕ್ರೂಗರ್. 2002ರಿಂದ ಅವರು ಹಳ್ಳಿಹಳ್ಳಿ ಸುತ್ತಿ ಹಳೆಯ ತೋಟಗಳನ್ನು ಪಟ್ಟಿ ಮಾಡಿದರು. 2016ರಲ್ಲಿ ಅದು ಓಲ್ಡ್ ವೈನ್ ಪ್ರಾಜೆಕ್ಟ್ (Old Vine, ಅಂದರೆ ಹಳೆಯ ಬಳ್ಳಿ) ಎಂಬ ಸಂಸ್ಥೆಯಾಯಿತು. 35 ವರ್ಷ ದಾಟಿದ ಬಳ್ಳಿಗಳ ವೈನಿಗೆ ಈ ಸಂಸ್ಥೆ ಕೊಡುವ ಮುದ್ರೆಯಲ್ಲಿ ಬಳ್ಳಿ ನೆಟ್ಟ ವರ್ಷವನ್ನೂ ನಮೂದಿಸಿರುತ್ತಾರೆ. ವೈನಿಗೆ ವಿಮರ್ಶಕರು ಕೊಡುವ ಅಂಕಗಳಿಗಿಂತ ನನಗೆ ಹೆಚ್ಚು ವಿಷಯ ತಿಳಿಸುವುದು ಆ ಪುಟ್ಟ ಇಸವಿ.

ಅಂಕಗಳೂ ಬಂದಿವೆ. ಸ್ಟೆಲೆನ್‌ಬಾಷ್ ಪಟ್ಟಣದ ಕಾನನ್‌ಕಾಪ್ ಎಂಬ ವೈನ್ ತೋಟ ತಯಾರಿಸಿದ 2015ರ ಪಾಲ್ ಸಾವರ್ ಎಂಬ ಕೆಂಪು ವೈನಿಗೆ ಬ್ರಿಟಿಷ್ ವಿಮರ್ಶಕ ಟಿಮ್ ಆಟ್ಕಿನ್ 100ಕ್ಕೆ 100 ಕೊಟ್ಟರು. ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಈ ಕಪ್ಪು ನೆಲಕ್ಕೇ ಮರಳುತ್ತದೆ. ಇಲ್ಲಿನ ವೈನ್ ತಯಾರಕ ಏಬೆನ್ ಸೇಡಿ 2000ರ ಸುಗ್ಗಿಯಿಂದ ಕಾಲುಮೆಲಾ ಎಂಬ ಕೆಂಪು ವೈನ್ ಮಾಡಿದಾಗ, ಸ್ವಾರ್ಟ್‌ಲ್ಯಾಂಡಿನಿಂದ ಜಗತ್ತು ಮೆಚ್ಚುವ ವೈನ್ ಬರಬಹುದೆಂದು ನಂಬಿದವರು ವಿರಳ. ಆಮೇಲೆ ಹಳೆಯ ತೋಟಗಳಿಗೆಂದೇ ಅವರು ಒಂದು ಮಾಲಿಕೆ ಆರಂಭಿಸಿ, ಸ್ಕರ್ಫ್‌ಬರ್ಗ್‌ನಂಥ ಬೆಟ್ಟದ ಹೆಸರನ್ನೇ ವೈನಿಗೆ ಇಟ್ಟರು. 2007ರಲ್ಲಿ ಇಲ್ಲಿ ನೆಲೆನಿಂತ ಕ್ರಿಸ್ ಮತ್ತು ಆಂಡ್ರಿಯಾ ಮಲಿನೋ ದಂಪತಿ ಸಿರಾ ಎಂಬ ಕಪ್ಪು ದ್ರಾಕ್ಷಿಯಲ್ಲಿ ಗ್ರಾನೈಟ್ ಮಣ್ಣಿನದನ್ನೂ ಪದರಪದರವಾದ ಶಿಸ್ಟ್ ಕಲ್ಲಿನ ಮಣ್ಣಿನದನ್ನೂ ಬೆರೆಸದೆ ಬೇರೆಬೇರೆಯಾಗಿ ಬಾಟಲಿಗೆ ತುಂಬುತ್ತಾರೆ. ತಳಿ ಒಂದೇ, ಕೈ ಒಂದೇ, ವ್ಯತ್ಯಾಸವೆಲ್ಲ ನೆಲದ್ದು. ಅವರ ಪಾಲುದಾರರು ಭಾರತದ ಉದ್ಯಮಿ ಅನಲ್‌ಜಿತ್ ಸಿಂಗ್.

ಇಷ್ಟನ್ನು ಹೇಳುವಾಗ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ. ಕೇಪ್‌ನ ತೋಟಗಳನ್ನು ತಲೆಮಾರುಗಳಿಂದ ಸವರಿದ ಕೂಲಿಯವರಿಗೆ ಸಂಬಳದ ಒಂದು ಭಾಗವಾಗಿ ವೈನನ್ನೇ ಅಳೆದು ಕೊಡುವ ಡಾಪ್ ಪದ್ಧತಿ ಇತ್ತು. ಕಾನೂನು ನಿಷೇಧಿಸಿದ ಮೇಲೂ ಅದು ದಶಕಗಳ ಕಾಲ ಉಳಿಯಿತು. ಅದು ತಂದ ಕುಡಿತದ ಪೆಟ್ಟು ಹುಟ್ಟುವ ಕೂಸುಗಳಿಗೂ ತಗುಲಿತು. ತೋಟದಲ್ಲಿ ದುಡಿದವರ ಹೆಸರು ಬಾಟಲಿಯ ಮೇಲೆ ಬರುವ ಮಾತೇ ಇರಲಿಲ್ಲ.

ಆದ್ದರಿಂದಲೇ ಈ ಪಯಣದಲ್ಲಿ ನಾನು ಕೊನೆಗೆ ಕೊಂಡ ಬಾಟಲಿ ಎನ್‌ಟ್ಸಿಕಿ ಬಿಯೆಲಾ ಅವರದು. ಕ್ವಾಜುಲು-ನಟಾಲ್ ಪ್ರಾಂತ್ಯದ ಹಳ್ಳಿಯಿಂದ ವಿದ್ಯಾರ್ಥಿವೇತನ ಪಡೆದು ಬಂದ ಅವರು, ಆಫ್ರಿಕಾನ್ಸ್ ಬಾರದಿದ್ದರೂ ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದಲ್ಲಿ ವೈನ್ ತಯಾರಿಕೆ ಓದಿ, ದೇಶದ ಮೊದಲ ಕಪ್ಪು ಮಹಿಳಾ ವೈನ್ ತಯಾರಕಿಯಾದರು. 2016ರಲ್ಲಿ ಆರಂಭಿಸಿದ ಸ್ವಂತ ಸಂಸ್ಥೆಗೆ ಅವರು ಇಟ್ಟ ಹೆಸರು ಅಸ್ಲಿನಾ. ಅದು ಅವರನ್ನು ಸಾಕಿ ಬೆಳೆಸಿದ ಅಜ್ಜಿಯ ಹೆಸರು.